ಗಿಟಾರಿಗೆ ತೂತು ಕೊರೆದ ಯಶೋಧರಾ

ಮಧುಗಿರಿ ಕೋರ್ಟಿನಲ್ಲಿ ಯಶೋಧರಾ ಬೆರಳಚ್ಚುಗಾರ್ತಿ. ಸಾಕ್ಷಿಗಳು ಹೇಳುವುದನ್ನು, ಹೇಳಿದ್ದನ್ನು ತಾವೇ ಅಲ್ಲಗಳೆಯುವುದನ್ನು, ಅದನ್ನೇ ವಕೀಲರು ಬೇರೆ ಮಾತಿನಲ್ಲಿ ಮತ್ತೆ ಹೇಳಿಸುವುದನ್ನು ಹಗಲೆಲ್ಲ ಕಂಪ್ಯೂಟರಿಗೆ ಇಳಿಸುತ್ತಾಳೆ. ಸಂಜೆ ಬಾಡಿಗೆ ಕೋಣೆಗೆ ಬಂದರೆ ಮೊದಲು ಟೀ, ಆಮೇಲೆ ಗಿಟಾರ್. ಗಿಟಾರ್ ಕಲಿತದ್ದು ತುಮಕೂರಿನ ಹಾಸ್ಟೆಲಿನಲ್ಲಿ ಡಿಗ್ರಿ ಓದುವಾಗ. ಅರ್ಧ ಫೋನು ನೋಡಿ ಕಲಿತಳು, ಇನ್ನರ್ಧವನ್ನು ಬೆರಳು ನೋಯಿಸಿಕೊಂಡು ಕಲಿತಳು. ಕೆಲಸ ಸಿಕ್ಕಿದ ಮೇಲೆ ಕೊಂಡ ಮೊದಲ ವಸ್ತು ಅದು. ಪ್ಲೈವುಡ್ಡಿನ ಸಾಧಾರಣ ಗಿಟಾರ್, ಕರೆಂಟಿನ ನಂಟಿಲ್ಲ. ತಂತಿ ಮೀಟಿದರೆ ಮರ ನಡುಗುತ್ತದೆ, ನಡುವಿನ ತೂತಿನಿಂದ ಸದ್ದು ಬರುತ್ತದೆ. ಕೋಣೆಯಲ್ಲಿ ಅದು ಸಾಕು. ಬಯಲಿನಲ್ಲಿ ಸಾಲದು.

ಸಾಲದು ಎಂಬುದು ಕಳೆದ ವರ್ಷದ ಬುದ್ಧಪೂರ್ಣಿಮೆಯ ದಿನ ಊರಿಗೇ ಗೊತ್ತಾಯಿತು. ಅಂಬೇಡ್ಕರ್ ಭವನದ ಮುಂದಿನ ಬಯಲಿನಲ್ಲಿ ವೇದಿಕೆ. ಮೈಕ್ ಸೆಟ್ ನಂದೀಶ್ವರಯ್ಯನವರದು. ಮದುವೆ, ಚುನಾವಣೆ, ಜಯಂತಿ ಯಾವುದಿದ್ದರೂ ಮಧುಗಿರಿಯಲ್ಲಿ ಮೊದಲು ಅವರಿಗೇ ಫೋನು ಹೋಗುತ್ತದೆ. ಅವರು ಗಿಟಾರಿನ ಮುಂದೆ ಒಂದು ಮೈಕ್ ನಿಲ್ಲಿಸಿದರು. ಯಶೋಧರಾ ಒಂದಿಷ್ಟು ಅಲುಗಿದರೆ ಸದ್ದು ಮಾಯ. ವಾಲ್ಯೂಮ್ ಏರಿಸಿದರೆ ಕುಯ್ಯೋ ಎಂಬ ಕೂಗು. ಮಕ್ಕಳು ಕಿವಿ ಮುಚ್ಚಿಕೊಂಡವು. ನಂದೀಶ್ವರಯ್ಯ ಆ ಮೈಕನ್ನು ಪೂರಾ ಇಳಿಸಿ, ತಮ್ಮ ಕೈಯಲ್ಲಿದ್ದ ಮೈಕಿನಲ್ಲಿ ಹೇಳಿದರು:

"ಮೇಡಮ್ಮೋರೆ, ಆ ಡಬ್ಬ ಪಕ್ಕಕ್ಕಿಟ್ಟು ಬರೀ ಹಾಡ್ಬುಡಿ. ನಿಮ್ ವಾಯ್ಸ್ ಚೆನ್ನಾಗೈತೆ."

ಜನ ನಕ್ಕರು. ಯಶೋಧರಾ ಪಕ್ಕಕ್ಕಿಡಲಿಲ್ಲ. ಕೊನೆಯವರೆಗೂ ನುಡಿಸಿದಳು. ಕೇಳಿದ್ದು ದನಿ ಮಾತ್ರ. ಬೆರಳು ಸುಮ್ಮನೆ ಆಡುತ್ತಿದ್ದವು. ಯಾರೋ ಅದರ ವಿಡಿಯೊ ತೆಗೆದು, ಮೇಲೆ 'ಮೂಕ ಗಿಟಾರ್' ಎಂದು ಬರೆದು ವಾಟ್ಸ್ಯಾಪಿನಲ್ಲಿ ಹರಿಯಬಿಟ್ಟರು. ಕೋರ್ಟಿನ ಜವಾನ ಕೂಡ ಅದನ್ನು ಅವಳಿಗೇ ತೋರಿಸಿದ.

ಈ ವರ್ಷ ಫೆಬ್ರವರಿಯಲ್ಲಿ ಪೂರ್ಣಿಮೆ ಸಮಿತಿ ಸೇರಿದಾಗ ಅಧ್ಯಕ್ಷ ಅಡವಯ್ಯ ಮಾತು ತೆಗೆದರು. ನಿವೃತ್ತ ಹೆಡ್‌ಮಾಸ್ಟರು; ಯಶೋಧರಾಳ ತಲೆಮಾರಿನ ಎಷ್ಟೋ ಮಕ್ಕಳನ್ನು ಹಾಸ್ಟೆಲಿಗೆ ಸೇರಿಸಿದವರು. ಅವರ ಮಾತಿಗೆ ಯಾರೂ ಎದುರಾಡುವುದಿಲ್ಲ.

"ಈ ಸಲ ತುಮಕೂರಿಂದ ಆರ್ಕೆಸ್ಟ್ರಾ ಕರೆಸ್ತಿದೀವಿ. ನೀನು ಅವರ ಜೊತೇಲಿ ಹಾಡಮ್ಮ. ಗಿಟಾರ್ ಬೇಡ."

"ಗಿಟಾರ್ ಬ್ಯಾಡಾಂದ್ರೆ ನಾನೂ ಇಲ್ಲ ಸಾರ್."

"ಹಠ ಯಾಕಮ್ಮ? ನಾಕು ಜನ ನಗೋದು ನಮ್ಗೂ ಬೇಜಾರಲ್ವಾ?"

"ಅವ್ರು ನಕ್ಕಿದ್ದು ಗಿಟಾರ್ ಕೇಳಿಸ್ಲಿಲ್ಲ ಅಂತ. ಕೇಳಂಗೆ ಮಾಡೋದು ನನ್ ಕೆಲ್ಸ."

ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಆರ್ಕೆಸ್ಟ್ರಾಕ್ಕೆ ಮೊದಲು ಯಶೋಧರಾಳಿಗೆ ಒಂದೇ ಒಂದು ಹಾಡು. ಗಿಟಾರ್ ಕೊನೆಯ ಸಾಲಿನವರೆಗೂ ಕೇಳಿದರೆ ಸಮಿತಿಯ ಕಾರ್ಯಕ್ರಮಗಳಲ್ಲಿ ಅದಕ್ಕೆ ಜಾಗ. ಕೇಳದಿದ್ದರೆ ಮುಂದೆಂದೂ ಅದು ವೇದಿಕೆ ಹತ್ತುವುದಿಲ್ಲ. ಅವಳು ಒಪ್ಪಿಕೊಂಡು ಎದ್ದು ಬಂದಳು.

ದಾರಿ ಇದ್ದದ್ದು ಒಂದೇ, ಗಿಟಾರಿನೊಳಗೆ ಪಿಕಪ್ ಕೂರಿಸುವುದು. ಪಿಕಪ್ ಎಂದರೆ ಅಂಗಿಯ ಗುಂಡಿಯಷ್ಟಗಲದ ಹಿತ್ತಾಳೆ ಬಿಲ್ಲೆ. ಮರಕ್ಕೆ ಅಂಟಿಸಿದರೆ ಮರದ ನಡುಕವನ್ನು ಹಿಡಿದು ವೈರಿನ ಮೂಲಕ ನೇರ ಸ್ಪೀಕರಿಗೆ ಕಳಿಸುತ್ತದೆ. ಎದುರಿಗೆ ಮೈಕ್ ಬೇಕಿಲ್ಲ. ತುಮಕೂರಿನ ಅಂಗಡಿಯವನು ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿ, ಇದಕ್ಕೆ ಪಿಕಪ್ ದಂಡ, ಪಿಕಪ್ ಇರುವ ಹೊಸದನ್ನೇ ತೆಗೆದುಕೊಳ್ಳಿ ಎಂದ. ವೈರಿಗಾಗಿ ಬುಡದಲ್ಲಿ ತೂತು ಕೊರೆಯುವಾಗ ಪ್ಲೈವುಡ್ ಸೀಳಿದರೆ ತಾನು ಜವಾಬ್ದಾರನಲ್ಲ ಎಂದೂ ಸೇರಿಸಿದ.

"ನೀವು ಕೊರೀಬೇಡಿ, ನಾನೇ ಕೊರ್ಕೊಳ್ತೀನಿ," ಎಂದು ಬಿಲ್ಲೆ, ವೈರು, ವೈರು ಚುಚ್ಚುವ ಜ್ಯಾಕು ಕೊಂಡು ಬಸ್ ಹತ್ತಿದಳು.

ಕೊರೆದದ್ದು ಭಾನುವಾರ, ಅಪ್ಪನ ಮನೆಯ ಜಗಲಿಯ ಮೇಲೆ. ಕೊರಟಗೆರೆ ತಾಲ್ಲೂಕು, ಗೊರವನಹಳ್ಳಿ ರಸ್ತೆಯ ಒಂದು ಊರಿನ ಕಾಲೊನಿ. ದೇವಸ್ಥಾನಕ್ಕೆ ಹೋಗುವ ಬಸ್ಸುಗಳು ಮನೆಯ ಮುಂದೆಯೇ ಹಾದುಹೋಗುತ್ತವೆ. ಅಪ್ಪ ಕದಿರಯ್ಯ ತಮಟೆಯವರು. ಮೊದಲೆಲ್ಲ ಊರಲ್ಲಿ ಯಾರ ಮನೆಯಲ್ಲಿ ಸಾವಾದರೂ ಹೇಳಿಕಳಿಸುತ್ತಿದ್ದರು. ಇವರು ಹೋಗಿ ಅಂಗಳದಾಚೆ ನಿಂತು ಬಾರಿಸಬೇಕು. ಮಗಳಿಗೆ ಕೋರ್ಟಿನ ಕೆಲಸ ಸಿಕ್ಕಿದ ವರ್ಷ, ಕರೆಯಲು ಬಂದವನಿಗೆ "ಇನ್ಮೇಕೆ ಬರಾಕಿಲ್ಲ" ಎಂದರು. ಅಷ್ಟೇ, ಕಾರಣ ಹೇಳಲಿಲ್ಲ. ಊರು ಒಂದು ವರ್ಷ ಮುಖ ತಿರುಗಿಸಿತು, ಆಮೇಲೆ ಸುಮ್ಮನಾಯಿತು. ಹಾಗೆಂದು ತಮಟೆಯನ್ನು ಬಿಸಾಡಲಿಲ್ಲ. ಜಯಂತಿಗೆ, ಪೂರ್ಣಿಮೆಗೆ, ತಮಗೆ ಮನಸ್ಸು ಬಂದ ದಿನಕ್ಕೆ ಬಾರಿಸುತ್ತಾರೆ.

ಡ್ರಿಲ್ ಮಿಷನ್ನು ಪಕ್ಕದ ಮನೆಯ ವೈರಿಂಗ್ ಕೆಲಸದವನದು. ಗಿಟಾರಿನ ಬುಡದಲ್ಲಿ ಹೆಗಲ ಪಟ್ಟಿ ಸಿಕ್ಕಿಸುವ ಗುಂಡಿಯೊಂದಿರುತ್ತದೆ. ಯಶೋಧರಾ ಅದನ್ನು ಬಿಚ್ಚಿ, ಮರ ಸೀಳದಂತೆ ಸುತ್ತ ಟೇಪು ಸುತ್ತಿ, ಡ್ರಿಲ್ಲಿನ ಮೊನೆ ಇಟ್ಟಳು. ತಾಯಿ ಕೊಲ್ಲಾಪುರಮ್ಮ ಅವರೆಕಾಯಿ ಸುಲಿಯುವುದನ್ನು ಬಿಟ್ಟು ನೋಡತೊಡಗಿದರು.

"ಸಾವ್ರಾರು ರೂಪಾಯ್ ವಸ್ತೂಗೆ ಹೆಣ್ಮಗೀಗ್ ಮೂಗ್ ಚುಚ್ಚಂಗೆ ಚುಚ್ತಾವಳಲ್ಲ! ಮೂಗುತಿ ಯಾವಾಗ ಇಕ್ತೀಯಮ್ಮ?"

"ಈಗ್ಲೇ ಇಕ್ತೀನಿ, ನೋಡು." ಅವಳು ಜ್ಯಾಕು ಎತ್ತಿ ತೋರಿಸಿದಳು.

"ಇದೇನ್ ಮೂಗುತಿಯೋ, ನಲ್ಲಿ ತಿರುಪೋ."

ಡ್ರಿಲ್ಲು ಒಳಹೊಕ್ಕಿತು. ಕದಿರಯ್ಯ ಮಾತ್ರ ಆ ಕಡೆ ನೋಡಲಿಲ್ಲ. ತೂತು ಬಿದ್ದ ತಮಟೆ ಸತ್ತಂತೆ ಎಂಬುದು ಅವರ ಲೆಕ್ಕ. ಸದ್ದು ನಿಂತ ಮೇಲೆ ತಿರುಗಿ, "ಹೋಯ್ತಾ?" ಎಂದರು.

"ಇಲ್ಲ, ಬಂತು." ದುಂಡನೆಯ ಅರದಿಂದ ತೂತಿನ ಅಂಚು ಉಜ್ಜುತ್ತಾ ಅವಳು ಹೇಳಿದಳು.

ಬಿಲ್ಲೆಯನ್ನು ಎಲ್ಲಿ ಅಂಟಿಸಬೇಕು ಎಂಬುದಕ್ಕೆ ಅಪ್ಪ ಮಗಳಿಗೆ ಸಣ್ಣ ಜಗಳವಾಯಿತು. ತಮಟೆಯ ಜೀವ ನಡುವಿನಲ್ಲಿ, ಇದಕ್ಕೂ ಅಲ್ಲೇ ಹಾಕು ಎಂದರು ಕದಿರಯ್ಯ. ನಡುವಿನಲ್ಲಿ ಹಾಕಿದರೆ ಬರೀ ಧಂ ಧಂ ಎನ್ನುತ್ತದೆ, ತಂತಿ ಕೂರುವ ಮರದ ಪಟ್ಟಿಯ ಅಡಿಯಲ್ಲಿ ಹಾಕಬೇಕು ಎಂದಳು ಅವಳು. ತಂತಿ ಸಡಿಲಿಸಿ, ನಡುವಿನ ದೊಡ್ಡ ತೂತಿನೊಳಗೆ ಮೊಣಕೈವರೆಗೆ ಕೈ ತೂರಿಸಿ, ಎರಡೂ ಕಡೆ ಅಂಟುವ ದಪ್ಪ ಟೇಪಿನಿಂದ ತನಗೆ ಬೇಕಾದ ಕಡೆಗೇ ಅಂಟಿಸಿದಳು. ಕದಿರಯ್ಯ, "ನಿನ್ ಗಿಟಾರು, ನಿನ್ನಿಷ್ಟ," ಎಂದು ಬೀಡಿ ಹಚ್ಚಿದರು.

ಪೂರ್ಣಿಮೆಯ ದಿನ ಮಧ್ಯಾಹ್ನವೇ ಗಿಟಾರ್ ಹೊತ್ತು ಬಯಲಿಗೆ ಹೋದಳು. ನಂದೀಶ್ವರಯ್ಯ ಮೈಕ್ ಸ್ಟ್ಯಾಂಡ್ ಎತ್ತಿಕೊಂಡು ಬಂದರು. "ಅದು ಬ್ಯಾಡ, ವೈರ್ ಕೊಡಿ," ಎಂದಳು. ವೈರನ್ನು ಗಿಟಾರಿನ ಬುಡಕ್ಕೆ ಚುಚ್ಚಿ ಒಮ್ಮೆ ಮೀಟಿದಳು. ಸದ್ದು ಬಯಲಿನಾಚೆಯ ರಸ್ತೆಗೂ ಹೋಯಿತು. ಶಾಮಿಯಾನ ಕಟ್ಟುತ್ತಿದ್ದವರು ತಿರುಗಿ ನೋಡಿದರು. ನಂದೀಶ್ವರಯ್ಯ ತಮ್ಮ ಮಿಕ್ಸರಿನಲ್ಲಿ ಗಿಟಾರಿನ ವಾಲ್ಯೂಮ್ ಗುಂಡಿಯ ಮೇಲೊಂದು ಸಣ್ಣ ಟೇಪು ಅಂಟಿಸಿ, 'ಡಬ್ಬ' ಎಂದು ಬರೆದುಕೊಂಡರು. ಯಶೋಧರಾ ಅದನ್ನು ಓದಿದಳು. ಬರೆದುಕೊಳ್ಳಲಿ, ಸಂಜೆ ಏರಿಸಿದರೆ ಸಾಕು ಎಂದುಕೊಂಡಳು.

ಸಂಜೆ ಬಯಲು ತುಂಬಿತು. ಮೊದಲಿಗೆ ಪಂಚಶೀಲ. ಅದನ್ನು ಹೇಳಿಕೊಡುವ ಕೆಲಸ ಯಶೋಧರಾಳದು. ವೇದಿಕೆ ಹತ್ತುವ ಮುನ್ನ ಗಿಟಾರನ್ನು ಅಪ್ಪನ ಕೈಗೆ ಕೊಟ್ಟು, "ಯಾರೂ ಮುಟ್ಟದಂಗೆ ನೋಡ್ಕೊ," ಎಂದಳು. ತಮಟೆಯವರೆಲ್ಲ ವೇದಿಕೆಯ ಹಿಂದೆ ಕೂತಿದ್ದರು. ಪಂಚಶೀಲ ಮುಗಿಸಿ ಬಂದಾಗ ಅಪ್ಪ ಎರಡೂ ಕೈಯಲ್ಲಿ ಹಿಡಿದು, ಮಗು ಕೊಟ್ಟಂತೆ ಗಿಟಾರ್ ಕೊಟ್ಟರು. ಮರ ಬೆಚ್ಚಗಿತ್ತು. ಮೇ ತಿಂಗಳು, ಎದುರಿನ ಬೆಟ್ಟದ ಬಂಡೆಯೇ ಇನ್ನೂ ಕಾವು ಉಗುಳುತ್ತಿತ್ತು. ಅವಳಿಗೆ ಅದು ವಿಶೇಷವೆನಿಸಲಿಲ್ಲ. ಶ್ರುತಿ ಸ್ವಲ್ಪ ಇಳಿದಿತ್ತು. ಸರಿಮಾಡಿಕೊಂಡು ಹೋಗಿ ಕುರ್ಚಿಯ ಮೇಲೆ ಕೂತಳು. ವೈರು ಚುಚ್ಚಿದಳು, ಮೀಟಿದಳು.

ಸ್ಪೀಕರಿನಿಂದ ಬಂದದ್ದು ಡಬ್ಬಿಯಲ್ಲಿ ಕಡಲೆಕಾಯಿ ಕುಲುಕಿದ ಸದ್ದು.

ಮತ್ತೊಮ್ಮೆ ಮೀಟಿದಳು. ಗಡಗಡ ಎಂದಿತು. ಹಿಂದಿನ ಸಾಲಿನಿಂದ ಶಿಳ್ಳೆ ಬಂತು. ನಂದೀಶ್ವರಯ್ಯನವರ ಕೈ ಗುಂಡಿಯನ್ನು ಕೆಳಕ್ಕಿಳಿಸಿತು. ಪಕ್ಕದಲ್ಲಿ ನಿಂತಿದ್ದ ಅಡವಯ್ಯ ಬಗ್ಗಿ ಮೆತ್ತಗೆ ಹೇಳಿದರು, "ಆಯ್ತು ಬಾರಮ್ಮ. ಮಾಡಿದ್ದೀಯ, ನಾವೂ ನೋಡಿದ್ವಿ. ಆರ್ಕೆಸ್ಟ್ರಾದವ್ರು ಶುರು ಮಾಡ್ಲಿ." ಕೀಬೋರ್ಡಿನವನು ಆಗಲೇ ಬೆರಳ ನೆಟಿಗೆ ಮುರಿಯುತ್ತಿದ್ದ.

"ಒಂದು ಹಾಡು ಅಂತ ಮಾತಾಗಿತ್ತು ಸಾರ್. ಅದಿನ್ನೂ ಶುರುವೇ ಆಗಿಲ್ಲ." ಅವಳು ಏಳಲಿಲ್ಲ. ಹಾಡುವ ಮೈಕಿಗೆ ಬಾಯಿಟ್ಟು ಎಲ್ಲರಿಗೂ ಹೇಳಿದಳು: "ಒಳಗೊಂದು ಬಿಲ್ಲೆ ಕಳಚಿಕೊಂಡಿದೆ. ಅಂಟಿಸ್ತೀನಿ. ಎಲ್ಲರೂ ಕೂತಿರಿ."

"ಲೇ, ಕೋರ್ಟ್ ಮೇಡಮ್ಮು ವಾಯ್ದೆ ತಗಂಡ್ರು ಕಣ್ಲಾ!" ಜನರ ನಡುವಿನಿಂದ ಯಾರೋ ಕೂಗಿದ.

"ವಾಯ್ದೆ ಇಲ್ಲ ಕಣಪ್ಪ. ಇವತ್ತೇ ತೀರ್ಪು. ಎದ್ದೋಗ್ಬೇಡ."

ಈ ಸಲದ ನಗು ಬೇರೆ ಥರದ್ದು. ಅವಳು ನಡುವಿನ ಎರಡು ತಂತಿ ಸಡಿಲಿಸಿ ಒಳಗೆ ಕೈ ತೂರಿಸಿದಳು. ಬಿಲ್ಲೆ ವೈರಿನ ತುದಿಗೆ ನೇತಾಡುತ್ತಿತ್ತು. ಟೇಪಿನ ಅಂಟು ಪಾಕದಂತೆ ಇಳಿದು ಬೆರಳಿಗೆ ಮೆತ್ತಿಕೊಂಡಿತು. ಅಷ್ಟರಲ್ಲಿ ಕದಿರಯ್ಯ ಚಪ್ಪಲಿ ಬಿಟ್ಟು ವೇದಿಕೆ ಹತ್ತಿ ಬಂದರು.

"ಏನಾಯ್ತವ್ವ?"

"ಅಂಟು ಕರಗೈತೆ. ಅಪ್ಪ, ಇದನ್ನ ಎಲ್ಲಿಟ್ಟಿದ್ದೆ?"

"ಎಲ್ಲೂ ಇಟ್ಟಿಲ್ಲ. ನನ್ ಕೈಯಾಗೇ ಇತ್ತು." ಅವರು ವೇದಿಕೆಯ ಹಿಂದಕ್ಕೆ ಕೈ ತೋರಿಸಿದರು. "ನಮ್ಮವೆಲ್ಲಾ ಕಾಸ್ತಿದ್ವಲ್ಲ, ಇದ್ನೂ ವಸಿ ಬೆಂಕಿಗ್ ಹಿಡ್ದೆ. ಸದ್ದು ಚೆನ್ನಾಗಿ ಬರ್ಲಿ ಅಂತ."

ತಮಟೆಯನ್ನು ಬಾರಿಸುವ ಮೊದಲು ಹುಲ್ಲಿನ ಉರಿಗೆ ಹಿಡಿದು ಕಾಯಿಸುತ್ತಾರೆ. ಚರ್ಮ ಬಿಗಿಯಾಗಿ ಸದ್ದು ಏರುತ್ತದೆ. ಕಾಯಿಸದ ತಮಟೆಯನ್ನು ಜನರ ಮುಂದೆ ತರುವುದು ಕದಿರಯ್ಯನವರ ಮಟ್ಟಿಗೆ ಮುಖ ತೊಳೆಯದೆ ಮದುವೆಗೆ ಹೋದಂತೆ. ಮಗಳ ಗಿಟಾರ್ ತಣ್ಣಗೆ ಹೋಗುವುದನ್ನು ಅವರ ಮನಸ್ಸು ಒಪ್ಪಿರಲಿಲ್ಲ.

ಯಶೋಧರಾ ಅಪ್ಪನ ಮುಖ ನೋಡಿದಳು. ಬೈಯಲು ಬಾಯಿ ತೆರೆದಳು, ನಗು ಬಂತು.

"ಇದ್ಕೆ ಬೆಂಕಿ ಆಗಲ್ಲ ಕಣಪ್ಪ."

"ಅದ್ನ ಮೊದ್ಲೇ ಹೇಳ್ಬೇಕಾನೆ? ನಾನೇನ್ ಗಿಟಾರ್ ಕಾಸಿದ್ನಾ ಹುಟ್ದಾಗಿಂದ?" ಎಂದರು. ಆಮೇಲೆ ದನಿ ತಗ್ಗಿಸಿ, "ನೀನು ಮಾಡೋಗಂಟ ನಾನು ಬಾರಿಸ್ತಿರ್ಲಾ? ಜನ ಏಳಾಕಿಲ್ಲ."

"ಬ್ಯಾಡ. ನೀನು ಬಾರಿಸಿದ್ರೆ ಆಮೇಲೆ ಇದು ಯಾರ ಕಿವೀಗೂ ಬೀಳಲ್ಲ. ಕತ್ತು ಹಿಡ್ಕೊ, ಅಲುಗಿಸ್ಬೇಡ."

ಕದಿರಯ್ಯ ಮಂಡಿಯೂರಿ ಗಿಟಾರಿನ ಕತ್ತು ಹಿಡಿದರು. ಒಳಗೆ ಮತ್ತೆ ಅಂಟಿಸುವ ಹಾಗಿರಲಿಲ್ಲ. ಅಂಟಿನ ಜಿಡ್ಡು ಮರದ ತುಂಬ ಹರಡಿತ್ತು. ಅವಳು ಬಿಲ್ಲೆಯನ್ನು ತೂತಿನಿಂದ ಹೊರಗೆಳೆದಳು. ವೈರು ಸಾಕಷ್ಟು ಉದ್ದವಿತ್ತು. ತಂತಿ ಕೂರುವ ಪಟ್ಟಿಯ ಪಕ್ಕದಲ್ಲಿ, ಎಲ್ಲರಿಗೂ ಕಾಣುವಂತೆ ಗಿಟಾರಿನ ಮುಖದ ಮೇಲೇ ಅದನ್ನಿಟ್ಟು ಹೆಬ್ಬೆರಳಲ್ಲಿ ಒತ್ತಿ ಹಿಡಿದಳು.

"ನಂದೀಶ್ವರಯ್ಯನೋರೆ, ಟೇಪ್ ಕೊಡಿ."

ಅವರು ಕೂತಲ್ಲಿಂದಲೇ ಕೇಳಿದರು, "ಹೊರಗಡೀಕೆ ಅಂಟಿಸ್ತೀರಾ? ಚೆಂದ ಕಾಣಾಕಿಲ್ಲ ಮೇಡಮ್ಮೋರೆ. ವಿಡಿಯೊ ಬೇರೆ ತೆಗೀತಾವ್ರೆ."

"ತೆಗೀಲಿ. ಚೆಂದ ಕಾಣಾಕೆ ಬಂದಿಲ್ಲ ನಾನು."

ನಂದೀಶ್ವರಯ್ಯ ಎದ್ದು ಬಂದರು. ಕರೆಂಟಿನ ಕಪ್ಪು ಟೇಪನ್ನು ಹಲ್ಲಿನಿಂದ ಕತ್ತರಿಸಿ ಒಂದೊಂದೇ ತುಂಡು ಕೊಟ್ಟರು. ಅವಳು ಅಡ್ಡ ಒಂದು, ಉದ್ದ ಒಂದು, ಮೇಲೆ ಇನ್ನೊಂದು ಅಂಟಿಸಿದಳು. ಗಾಯಕ್ಕೆ ಪಟ್ಟಿ ಕಟ್ಟಿದ ಹಾಗೆ ಕಾಣುತ್ತಿತ್ತು. ತಂತಿ ಬಿಗಿದು ಶ್ರುತಿ ಕೂಡಿಸಿದಳು. ಶಿಳ್ಳೆ ಹಾಕಿದವರೂ ಈಗ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಅಡವಯ್ಯ ಕೈಗಡಿಯಾರ ನೋಡುವುದನ್ನು ನಿಲ್ಲಿಸಿರಲಿಲ್ಲ.

ಮೀಟಿದಳು.

ಸದ್ದು ಬಂತು. ಮಧ್ಯಾಹ್ನದ ನುಣುಪು ಅದಕ್ಕಿರಲಿಲ್ಲ. ಉಗುರು ಮರಕ್ಕೆ ತಾಗಿದ್ದು, ತೋಳಿನ ಬಟ್ಟೆ ಉಜ್ಜಿದ್ದು, ಅಂಗೈ ಬಡಿದದ್ದು ಎಲ್ಲವೂ ತಂತಿಯ ಜೊತೆ ಸೇರಿ ಬರುತ್ತಿತ್ತು. ಒರಟಾಗಿತ್ತು, ಆದರೆ ಕೊನೆಯ ಸಾಲು ದಾಟಿ ಭವನದ ಕಾಂಪೌಂಡಿನಾಚೆ ಸೋಡಾ ಗಾಡಿಯವನವರೆಗೂ ಹೋಗುತ್ತಿತ್ತು. ನಂದೀಶ್ವರಯ್ಯ ಗುಂಡಿಯನ್ನು ಇನ್ನಷ್ಟು ಏರಿಸಿ, ಕುಯ್ಯೋ ಎನ್ನುತ್ತದೇನೋ ಎಂದು ಕಾದರು. ಎನ್ನಲಿಲ್ಲ. ಮತ್ತೂ ಏರಿಸಿದರು. ಯಶೋಧರಾ ತಾನೇ ಕಟ್ಟಿದ ಹಾಡು ಎತ್ತಿಕೊಂಡಳು:

ಹೊಸಿಲಾಚೆ ನಿಂತವರ ಮಗಳು ನಾನು,
ಕೂರಲೇನೆಂದು ಯಾರನೂ ಕೇಳೆನು.

ಎರಡನೆಯ ಸಲಕ್ಕೆ ಹೆಂಗಸರ ಸಾಲು ದನಿಗೂಡಿಸಿತು. ಕೊಲ್ಲಾಪುರಮ್ಮ ಪಕ್ಕದವಳಿಗೆ ಏನೋ ಹೇಳುತ್ತಿದ್ದರು. ಬಹುಶಃ ಮೂಗುತಿಯ ವಿಷಯ. ವೇದಿಕೆಯ ಮೆಟ್ಟಿಲ ಮೇಲೆ ಕೂತಿದ್ದ ಕದಿರಯ್ಯ ಹಾಡು ಮುಗಿಯುವವರೆಗೂ ಆ ಕಪ್ಪು ಟೇಪಿನಿಂದ ಕಣ್ಣು ತೆಗೆಯಲಿಲ್ಲ, ಎಲ್ಲಿ ಬಿಟ್ಟುಕೊಳ್ಳುವುದೋ ಎಂದು.

ಹಾಡು ಮುಗಿಯಿತು. ಚಪ್ಪಾಳೆಯ ನಡುವೆ ಅಡವಯ್ಯ ಹತ್ತಿರ ಬಂದರು. ಅವರ ಮುಖದಲ್ಲೂ ಸಂತೋಷವಿತ್ತು. "ಕೇಳಿಸ್ತಮ್ಮ, ಚೆನ್ನಾಗಿ ಕೇಳಿಸ್ತು. ಒಪ್ಪಿದ್ದೀನಿ. ಇನ್ನು ಏಳು, ಅವ್ರು ಕಾಯ್ತಾವ್ರೆ." ಆರ್ಕೆಸ್ಟ್ರಾದವರಿಗೆ ಬರಲು ಕೈ ಮಾಡಿದರು.

ಯಶೋಧರಾ ಟೇಪಿನ ಅಂಚನ್ನು ಹೆಬ್ಬೆರಳಿನಿಂದ ಇನ್ನೊಮ್ಮೆ ಒತ್ತಿದಳು. ಎಡಗೈ ಬೆರಳನ್ನು ಬೇರೆ ತಂತಿಗಳ ಮೇಲೆ ಜೋಡಿಸಿಕೊಂಡಳು.

"ಕೂತ್ಕೊಳ್ಳಿ ಸಾರ್," ಎಂದು, ಅವರ ಉತ್ತರಕ್ಕೆ ಕಾಯದೆ ಎರಡನೆಯ ಹಾಡು ಶುರುಮಾಡಿದಳು.