ಏಣಿ ಬಂದ ವರ್ಷ

ಕಾಲೇಜಿನ ಹಾಜರಿ ಪುಸ್ತಕ ಒಂದನ್ನು ಬಿಟ್ಟರೆ ಅವಳ ನಿಜವಾದ ಹೆಸರು ಬೇರೆಲ್ಲೂ ಉಳಿದಿರಲಿಲ್ಲ. ಪ್ರಿನ್ಸಿಪಾಲರಿಂದ ಹಿಡಿದು ಗೇಟು ಕಾಯುವವನವರೆಗೆ ಎಲ್ಲರಿಗೂ ಅವಳು ಸೀಟಿ ಮೇಡಂ. ಹುಡುಗಿಯರ ಬ್ಯಾಸ್ಕೆಟ್‌ಬಾಲ್ ತಂಡಕ್ಕೆ ಹತ್ತೊಂಬತ್ತು ವರ್ಷದಿಂದ ಅವಳೇ ಕೋಚ್. ಸ್ನಾನಕ್ಕೆ ಹೋದರೂ ಕತ್ತಿನಿಂದ ಸೀಟಿ ತೆಗೆಯುವುದಿಲ್ಲ ಎಂದು ಮನೆಯಲ್ಲಿ ಅಕ್ಕ ಗೇಲಿ ಮಾಡುತ್ತಿದ್ದಳು. ಅಕ್ಕ ತಂಗಿ ಇಬ್ಬರೇ ಒಂದು ಬಾಡಿಗೆ ಮನೆಯ ಎರಡನೇ ಮಹಡಿಯಲ್ಲಿದ್ದರು. ಅಕ್ಕ ಆಸ್ಪತ್ರೆಯಲ್ಲಿ ಇಸಿಜಿ ತೆಗೆಯುವವಳು. ನಲವತ್ತನಾಲ್ಕು ದಾಟಿದ ತಂಗಿ ಅವಳಿಗೆ ಇನ್ನೂ ಪುಟ್ಟಿಯೇ.

ಆ ವರ್ಷ ಪರೀಕ್ಷೆ ಮುಗಿದ ವಾರದಲ್ಲೇ ಹನ್ನೆರಡು ಜನರ ತಂಡ ನಾಲ್ಕಕ್ಕೆ ಇಳಿಯಿತು. ಐದು ಜನ ಓದು ಮುಗಿಸಿ ಹೋದರು. ಅದಕ್ಕೆ ಯಾರೇನು ಮಾಡಲಾದೀತು, ಬಂದವರು ಹೋಗಲೇಬೇಕು. ಇನ್ನೂ ಮೂವರನ್ನು ಊರಿನ ಆಚೆ ಬದಿಯ ದೊಡ್ಡ ಕಾಲೇಜಿನ ಕೋಚ್ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಎಳೆದುಕೊಂಡಿದ್ದ. ಎಂಥ ಸೆಕೆಯಲ್ಲೂ ಮೈಮೇಲಿನ ಕೋಟು ತೆಗೆಯದ ಮನುಷ್ಯ. ಹುಡುಗಿಯರು ಅವನನ್ನು ಕೋಟು ಎಂದೇ ಕರೆಯುತ್ತಿದ್ದರು. ಮೂವರಲ್ಲಿ ಒಬ್ಬಳು ಮಾತ್ರ ಹೇಳಿ ಹೋಗಲು ಬಂದಳು. ಒಗೆದು ಮಡಚಿದ ಜೆರ್ಸಿಯನ್ನು ಮೇಜಿನ ಮೇಲಿಟ್ಟು, "ಮೇಡಂ, ಅಲ್ಲಿ ಮರದ ನೆಲ ಇದೆ," ಎಂದಳು. ಸೀಟಿ ಮೇಡಂ ಕಿಟಕಿಯಾಚೆ ತನ್ನ ಸಿಮೆಂಟಿನ ಅಂಕಣ ನೋಡಿದಳು. ಮೂರು ಕಡೆ ಬಿರುಕು. ಒಂದು ರಿಂಗಿಗೆ ಬಲೆಯೇ ಇಲ್ಲ.

"ಆಯ್ತಮ್ಮ. ಮಂಡಿ ಜೋಪಾನ," ಎಂದಳು.

ಎರಡು ದಿನ ಬಿಟ್ಟು ಪ್ರಿನ್ಸಿಪಾಲರು ಕರೆಸಿದರು. "ನೋಡಿ ಮೇಡಂ, ಪಟ್ಟಿಯಲ್ಲಿ ಹನ್ನೆರಡು ಹೆಸರು ಇರ್ಬೇಕು, ಒಂದೆರಡು ಮ್ಯಾಚಾದ್ರೂ ಗೆಲ್ಬೇಕು. ಇಲ್ಲಾಂದ್ರೆ ಅಂಕಣದ ಜಾಗ ವಾಹನ ನಿಲ್ಲಿಸೋಕೆ ಕೊಡಿ ಅಂತ ಮೇಲಿನವರು ಆಗ್ಲೇ ಬರೆದಿದ್ದಾರೆ." ಅವರು ಹೆದರಿಸುವ ದನಿಯಲ್ಲೇನೂ ಹೇಳಲಿಲ್ಲ. ಅದೇ ಅವಳಿಗೆ ಹೆದರಿಕೆ ತಂದದ್ದು.

ಸರಿ, ಬೇಟೆ ಶುರುವಾಯಿತು. ಶಾಲೆಗಳ ಗೇಟು, ಬಸ್ ನಿಲ್ದಾಣ, ಓಟದ ಮೈದಾನ, ಎಲ್ಲಿ ಹೋದರೂ ಅವಳ ಕಣ್ಣು ಜನರ ಮುಖ ಬಿಟ್ಟು ನೆತ್ತಿಯ ಮೇಲೇ. ತಿಂಗಳೊಳಗೆ ಏಳು ಜನ ಕೂಡಿದರು. ಒಬ್ಬಳು ಹರ್ಡಲ್ಸ್ ಓಡುವವಳು, ಒಬ್ಬಳಿಗೆ ವಾಲಿಬಾಲ್ ತಂಡದಲ್ಲಿ ಜಾಗ ಸಿಕ್ಕಿರಲಿಲ್ಲ, ಇನ್ನೊಬ್ಬಳು ಫುಟ್‌ಬಾಲ್ ಆಡಿ ಆಡಿ ಚೆಂಡು ಕಂಡರೆ ಸಾಕು ಒದೆಯುವವಳು. ಹಳೆಯ ನಾಲ್ವರಲ್ಲಿ ಹಿರಿಯಳಾದ ಕ್ಯಾಪ್ಟನ್, "ಮೇಡಂ, ಇದು ತಂಡವೋ ಸಂತೆಯೋ?" ಎಂದು ನಕ್ಕಳು.

ಹನ್ನೆರಡನೆಯವಳು ಸಿಕ್ಕಿದ್ದು ಇಸ್ತ್ರಿ ಅಂಗಡಿಯಲ್ಲಿ. ಸೀಟಿ ಮೇಡಂ ಬಟ್ಟೆ ಕೊಡಲು ಹೋದಾಗ ಒಳಗಿನಿಂದ ಒಂದು ಕೈ ಬಂದು, ಮೇಲಿನ ಹಲಗೆಯ ಮೇಲಿದ್ದ ಗಂಟನ್ನು ಸ್ಟೂಲಿಲ್ಲದೆ ಇಳಿಸಿತು. ಕೈಯ ಹಿಂದೆ ಹುಡುಗಿ ಬಂದಳು, ಬಾಗಿಲ ಚೌಕಟ್ಟಿಗೆ ತಲೆ ತಗ್ಗಿಸಿಕೊಂಡು. ಇಸ್ತ್ರಿ ಹಾಕುತ್ತಿದ್ದವಳು ಅವಳ ತಾಯಿ. ಗಂಡ ಸತ್ತು ಆರು ವರ್ಷವಾಗಿತ್ತು. ಮೆಟ್ಟಿಲು ಹತ್ತುವಾಗ ಕುಸಿದವನು ಮತ್ತೆ ಏಳಲಿಲ್ಲವಂತೆ, ಇನ್ನೂ ಮೂವತ್ತೆಂಟಂತೆ. ತಾಯಿ ಇದನ್ನೆಲ್ಲ ಅಂಗಿಯ ಕಾಲರು ಒತ್ತುತ್ತಲೇ ಹೇಳಿದಳು. ಸೀಟಿ ಮೇಡಂ ಅಯ್ಯೋ ಪಾಪ ಎಂದಳು. ಆಗ ಅವಳ ತಲೆಯಲ್ಲಿ ಇದ್ದದ್ದು ಹುಡುಗಿಯ ಎತ್ತರ ಒಂದೇ.

ತಂಡದಲ್ಲಿ ಹುಡುಗಿಗೆ ಏಣಿ ಎಂದು ಹೆಸರು ಬಿತ್ತು. ಅವಳೂ ನಗುತ್ತ ಒಪ್ಪಿಕೊಂಡಳು. ಮೂರೇ ವಾರದಲ್ಲಿ ರಿಂಗಿನ ಕೆಳಗೆ ಅವಳ ಕೈ ದಾಟಿ ಚೆಂಡು ಹೋಗದಂತಾಯಿತು. ಒಂದು ಬೆಳಗ್ಗೆ ಕಾಂಪೌಂಡಿನ ಆಚೆ ಕೋಟು ನಿಂತಿರುವುದು ಕಂಡಿತು. ಅವನು ಕೈ ಬೀಸಿದ. ಸೀಟಿ ಮೇಡಂ ಬೀಸಲಿಲ್ಲ.

ಆದರೆ ಬೇರೇನೋ ಸರಿಯಿರಲಿಲ್ಲ. ಓಟ ಮುಗಿದ ಮೇಲೆ ಉಳಿದವರು ಕೆಂಪಾದರೆ ಏಣಿ ಬೆಳ್ಳಗಾಗುತ್ತಿದ್ದಳು. ಒಮ್ಮೆ ನೀರಿನ ನಲ್ಲಿಯ ಹಿಂದೆ ಗೋಡೆಗೆ ಹಣೆ ಒತ್ತಿ ನಿಂತಿದ್ದಳು.

"ಏನಾಯ್ತೇ?"

"ಏನಿಲ್ಲ ಮೇಡಂ. ಕಣ್ಣು ಕತ್ತಲೆ ಬಂತು. ಆಗಾಗ ಬರುತ್ತೆ, ಹೋಗುತ್ತೆ."

ಆ ದಿನ ಊಟ ಮಾಡುವಾಗ ಸೀಟಿ ಮೇಡಂ ಇದನ್ನು ಅಕ್ಕನಿಗೆ ಹೇಳಿದಳು. ಅಕ್ಕ ತುತ್ತು ಕೆಳಗಿಟ್ಟಳು. "ಅವಳಪ್ಪ ಹೇಗೆ ಹೋದ ಅಂದೆ?"

"ಮೆಟ್ಟಿಲು ಹತ್ತುವಾಗ."

"ಪುಟ್ಟಿ, ನಾಳೆಯೇ ಕರ್ಕೊಂಡು ಬಾ. ಚೆಂಡು ಮುಟ್ಟಿಸಬೇಡ."

ಮರುದಿನ ತಾಯಿಯೂ ಜೊತೆಗೆ ಬಂದಳು. ಅಕ್ಕ ಹುಡುಗಿಯ ಎದೆಗೆ ತಂತಿಗಳನ್ನು ಅಂಟಿಸಿ ಯಂತ್ರ ಒತ್ತಿದಳು. ಕಾಗದ ಹೊರಗೆ ಬಂತು. ದಿನಕ್ಕೆ ಎಪ್ಪತ್ತು ಕಾಗದ ನೋಡಿ ಮುಖ ಬದಲಿಸದ ಅಕ್ಕ ಇದನ್ನು ಹಿಡಿದುಕೊಂಡು, ಚಪ್ಪಲಿಯನ್ನೂ ಮೆಟ್ಟದೆ, ಹೃದಯದ ಡಾಕ್ಟರ ಕೋಣೆಗೆ ಹೋದಳು. ಸ್ಕ್ಯಾನ್ ಆಯಿತು. ಹೃದಯದ ಗೋಡೆ ದಪ್ಪಗಾಗಿದೆ, ತಂದೆಯಿಂದ ಬಂದಿರಬೇಕು ಎಂದರು ಡಾಕ್ಟರು. ಮಾತ್ರೆ ತಗೊಂಡು ಹುಷಾರಾಗಿದ್ದರೆ ಎಷ್ಟೋ ವರ್ಷ ಬಾಳಬಹುದು. ಆದರೆ ಓಟ, ಆಟ ಇವತ್ತಿಗೇ ಕೊನೆ. ರಿಪೋರ್ಟನ್ನು ತಾಯಿಯ ಕೈಗೆ ಕೊಟ್ಟರು. ಮೂವರೂ ಬಸ್ಸಿನಲ್ಲಿ ವಾಪಸು ಬಂದರು. ಹುಡುಗಿ ಇಳಿಯುವಾಗ, "ನಾನು ಚೆನ್ನಾಗಿ ಆಡ್ತಿದ್ದೆ ಅಲ್ವಾ ಮೇಡಂ?" ಎಂದು ಕೇಳಿದಳು.

ಹತ್ತು ದಿನಕ್ಕೆ ಕ್ಯಾಪ್ಟನ್ ಓಡಿ ಬಂದಳು. "ಮೇಡಂ, ಏಣಿ ಕೋಟಿನ ಕಾಲೇಜು ಸೇರಿದ್ದಾಳಂತೆ. ಹಾಸ್ಟೆಲ್ಲೂ ಸಿಕ್ಕಿದೆಯಂತೆ."

ಸೀಟಿ ಮೇಡಂ ಉಟ್ಟ ಬಟ್ಟೆಯಲ್ಲೇ ಇಸ್ತ್ರಿ ಅಂಗಡಿಗೆ ಓಡಿದಳು. ತಾಯಿ ತಲೆಯೆತ್ತಲಿಲ್ಲ.

"ಡಾಕ್ಟ್ರು ಹೇಳಿದ್ದು ನೀವೂ ಕೇಳಿದ್ರಿ ಅಲ್ವಾ?"

"ಅದು ನಿಮ್ಮಕ್ಕನ ಆಸ್ಪತ್ರೆ ಡಾಕ್ಟ್ರು ಮೇಡಂ. ಒಲ್ಲದ ಗಂಡನಿಗೆ ಮೊಸರಲ್ಲೂ ಕಲ್ಲು ಅಂತಾರೆ. ನಿಮಗೆ ಬೇಡವಾದ್ಲು, ಬಿಟ್ರಿ. ಬೇಕು ಅನ್ನೋರು ಕರ್ಕೊಂಡು ಹೋದ್ರು. ಅವಳು ಎಂಟು ದಿನ ಊಟ ಬಿಟ್ಟು ಮಲಗಿದ್ಲು, ಅದು ನಿಮಗೆ ಗೊತ್ತಾ?" ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೆ ತುಸು ಹೆಚ್ಚು ಹೊತ್ತು ನಿಂತು ಸುಟ್ಟ ವಾಸನೆ ಬಂತು. "ನನ್ನ ಮನೆಯವರಿಗೆ ಆದದ್ದು ಬೇರೆ," ಎಂದಳು ತಾಯಿ, ಕೇಳದಿದ್ದರೂ.

ಸೀಟಿ ಮೇಡಂ ಕೋಟಿಗೆ ಫೋನ್ ಮಾಡಿದಳು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಮೆಲ್ಲಗೆ ನಕ್ಕ.

"ಮೇಡಂ, ಕಳೆದ ವರ್ಷ ನಾನು ಕರೆದ ಹುಡುಗಿಗೆ ಮಂಡಿ ಸರಿಯಿಲ್ಲ ಅಂದ್ರಿ. ಅದಕ್ಕೂ ಮೊದಲಿನವಳಿಗೆ ಮನೇಲಿ ಒಪ್ಪಲ್ಲ ಅಂದ್ರಿ. ಈ ಸಲ ಹೃದಯಕ್ಕೇ ಬಂದಿದ್ದೀರಿ."

ಅವನು ಹೇಳಿದ್ದು ನಿಜವಾಗಿತ್ತು. ಹುಡುಗಿಯರನ್ನು ಉಳಿಸಿಕೊಳ್ಳಲು ಆ ಎರಡು ಸುಳ್ಳನ್ನೂ ಅವಳು ಹೇಳಿದ್ದಳು. ಆಗ ಅದು ಸುಳ್ಳು ಅಂತಲೂ ಅನ್ನಿಸಿರಲಿಲ್ಲ, ಎಲ್ಲರೂ ಆಡುವ ಮಾತು ಅನ್ನಿಸಿತ್ತು. ಫೋನ್ ಇಟ್ಟು ಪಂದ್ಯ ನಡೆಸುವವರಿಗೆ ಪತ್ರ ಬರೆದಳು. ಆಟಗಾರ್ತಿ ಬೇರೊಬ್ಬ ಡಾಕ್ಟರಿಂದ ತಂದುಕೊಟ್ಟ ಫಿಟ್‌ನೆಸ್ ಪತ್ರ ಸರಿಯಾಗಿದೆ, ಎದುರಾಳಿ ತಂಡದ ದೂರಿಗೆ ಆಧಾರ ಬೇಕು ಎಂದು ಉತ್ತರ ಬಂತು. ಆಧಾರದ ಕಾಗದವನ್ನು ತಾಯಿಗೆ ಕೊಟ್ಟಾಗಿತ್ತು. ಇನ್ನೊಂದು ಪ್ರತಿ ಕೊಡಲು ಅಕ್ಕನಿಗೆ ಅಧಿಕಾರವಿರಲಿಲ್ಲ.

ಎರಡು ಕಾಲೇಜುಗಳ ಪಂದ್ಯ ಒಂದು ಶನಿವಾರ ಮಧ್ಯಾಹ್ನ ಬಂತು, ಕೋಟಿನ ಮರದ ನೆಲದ ಮೇಲೆ. ಏಣಿಗೆ ಹೊಸ ಬೂಟು, ಹೊಸ ಜೆರ್ಸಿ. ಸೀಟಿ ಮೇಡಂ ತನ್ನ ಹುಡುಗಿಯರನ್ನು ಸುತ್ತ ಸೇರಿಸಿ ಹೇಳಿದ್ದು ಯಾವ ಕೋಚೂ ಹೇಳದ ಮಾತು.

"ಯಾರೂ ಓಡಬೇಡಿ. ಚೆಂಡು ಕೈಗೆ ಬಂದ ಮೇಲೆ ರಿಂಗಿಗೆ ಎಸೆಯೋಕೆ ಇಪ್ಪತ್ನಾಲ್ಕು ಸೆಕೆಂಡು ಸಿಗುತ್ತಲ್ಲ, ಅದರಲ್ಲಿ ಇಪ್ಪತ್ತೆರಡು ನಿಂತೇ ಕಳೀರಿ. ಚೆಂಡನ್ನ ನಡೆಸಿಕೊಂಡು ಹೋಗಿ."

"ಸೋತು ಹೋಗ್ತೀವಿ ಮೇಡಂ!" ಎಂದಳು ಕ್ಯಾಪ್ಟನ್. "ಸೋತರೆ ಅಂಕಣವೇ ಹೋಗುತ್ತೆ!"

"ಗೊತ್ತು. ಏಣಿ ಓಡಬಾರದು, ಅಷ್ಟೇ."

ಮೆರವಣಿಗೆಗೆ ಹೊರಟವರ ಹಾಗೆ ಅವರು ಆಡಿದರು. ಜನ ಕೂಗಿದರು, ಕಾಲು ಬಡಿದರು. ಏಣಿ ಚೆಂಡಿಗಾಗಿ ನಿಂತಲ್ಲೇ ಕಾದಳು. ಅವಳ ಉಸಿರು ಒಂದು ಸಲವೂ ಏರಲಿಲ್ಲ. ಸೀಟಿ ಮೇಡಂ ಅಂಕದ ಹಲಗೆ ನೋಡಲೇ ಇಲ್ಲ, ನಲವತ್ತು ನಿಮಿಷವೂ ಎದುರಾಳಿ ಹುಡುಗಿಯ ತುಟಿಯ ಬಣ್ಣ ನೋಡುತ್ತ ಕುಳಿತಳು. ಮೂವತ್ತೊಂದು ಅಂಕದಿಂದ ಸೋತರು. ಹೊರಗೆ ಬರುವಾಗ ಕ್ಯಾಪ್ಟನ್ ಅವಳ ಮುಖ ನೋಡಲಿಲ್ಲ. ಕ್ಯಾಪ್ಟನ್ನೂ ಇನ್ನಿಬ್ಬರೂ ಕೋಟಿನ ಕಡೆ ಹೋಗುತ್ತಾರೆಂದು ಮುಂದಿನ ವಾರ ಸುದ್ದಿ ಬಂತು.

ಎರಡು ವಾರ ಏಣಿಗೆ ಏನೂ ಆಗಲಿಲ್ಲ. ಆ ಎರಡು ವಾರದಲ್ಲಿ ಫೋನ್ ಸದ್ದು ಮಾಡಿದರೆ ಸಾಕು, ಸೀಟಿ ಮೇಡಂ ಯಾರದೆಂದು ನೋಡದೆಯೇ ಎತ್ತುತ್ತಿದ್ದಳು. ತರಕಾರಿ ಅಂಗಡಿಯಲ್ಲಿ ನಿಂತಿದ್ದಾಗ ಆ ಕರೆ ಬಂತು. ಮರದ ನೆಲ ಬೇಕೆಂದು ಬಿಟ್ಟು ಹೋಗಿದ್ದಳಲ್ಲ, ಆ ಹಳೆಯ ಹುಡುಗಿ.

"ಮೇಡಂ... ಏಣಿ ಬಿದ್ದುಬಿಟ್ಲು. ಬೇರೆ ಊರಿನ ಟೀಮು, ಬಹಳ ಓಡಿಸಿದ್ರು. ಮೂರನೇ ಕ್ವಾರ್ಟರಲ್ಲಿ ನಿಂತಿದ್ದವಳು ಹಾಗೇ ಬಿದ್ಲು. ಯಾರೂ ಮುಟ್ಟಿರ್ಲಿಲ್ಲ ಮೇಡಂ."

ಅಕ್ಕ ಕೆಲಸ ಮಾಡುವ ಆಸ್ಪತ್ರೆಗೇ ತಂದಿದ್ದರು. ಮೈದಾನದಲ್ಲಿ ಯಾರೋ ನರ್ಸ್ ಇದ್ದದ್ದರಿಂದ, ಎದೆ ಒತ್ತುತ್ತಲೇ ಆಂಬುಲೆನ್ಸ್ ಹತ್ತಿಸಿದ್ದರಿಂದ ಜೀವ ಉಳಿಯಿತು. ಬಾಗಿಲ ಹೊರಗಿನ ಬೆಂಚಿನಲ್ಲಿ ಕೋಟು ಕುಳಿತಿದ್ದ. ಕೋಟು ಮೈಮೇಲಿರಲಿಲ್ಲ, ಹುಡುಗಿಗೆ ಹೊದಿಸಿ ತಂದಿದ್ದನಂತೆ. ಅವನು ಎದ್ದು ನಿಂತು ಏನೋ ಹೇಳಲು ಹೋದ. ಸೀಟಿ ಮೇಡಂ ಕೈ ಅಡ್ಡ ಹಿಡಿದಳು. ಅವನ ಮಾತು ಕೇಳುವಷ್ಟು ಶಕ್ತಿ ಅವಳಿಗಿರಲಿಲ್ಲ, ಬಯ್ಯುವಷ್ಟು ಹಕ್ಕಿದೆ ಎಂದೂ ಅನ್ನಿಸಲಿಲ್ಲ. ತಾಯಿ ನೆಲದ ಮೇಲೆ ಕುಳಿತು, "ಆ ರಿಪೋರ್ಟನ್ನ ಅವಳೇ ಹರಿದುಹಾಕಿದ್ಲು ಮೇಡಂ, ನಾನು ನೋಡ್ತಾ ಸುಮ್ಮನಿದ್ದೆ," ಎಂದು ಅದೊಂದನ್ನೇ ಹೇಳುತ್ತಿದ್ದಳು.

ಹುಡುಗಿಯ ಎದೆಯೊಳಗೆ, ಹೃದಯ ನಿಂತರೆ ಮತ್ತೆ ಬಡಿಸುವ ಒಂದು ಸಣ್ಣ ಯಂತ್ರ ಕೂರಿಸಿದರು. ಮಾತು ಸ್ವಲ್ಪ ತೊದಲುತ್ತಿತ್ತು, ಅದೂ ದಿನೇದಿನೇ ಸರಿಹೋಯಿತು. ಮತ್ತೆ ಆಡುವ ಮಾತನ್ನು ಅವಳು ಎತ್ತಲಿಲ್ಲ.

ಇದೆಲ್ಲ ತಿಳಿದ ಮೇಲೆ ಅಂಕಣಕ್ಕೆ ಪ್ರಿನ್ಸಿಪಾಲರು ಇನ್ನೊಂದು ವರ್ಷ ಗಡುವು ಕೊಟ್ಟರು. ಹೊಸ ವರ್ಷಕ್ಕೆ ಸೀಟಿ ಮೇಡಂ ಮತ್ತೆ ಗೇಟುಗಳ ಮುಂದೆ ನಿಂತಳು. ಹನ್ನೊಂದು ಹುಡುಗಿಯರು ಬಂದರು. ಮೊದಲು ಆಸ್ಪತ್ರೆ, ಆಮೇಲೆ ಚೆಂಡು, ಎಂದಳು. ಏಳು ಜನ ಒಪ್ಪಿದರು. "ಚೆನ್ನಾಗಿರೋ ಮಗುವಿಗೆ ಹಾರ್ಟ್ ಟೆಸ್ಟ್ ಯಾಕೆ? ಇಂಥದ್ದೆಲ್ಲ ಕೇಳದ ಕಾಲೇಜುಗಳು ಇವೆ," ಎಂದು ನಾಲ್ವರ ಮನೆಯವರು ಅವರನ್ನು ಬಿಡಿಸಿಕೊಂಡು ಹೋದರು. ಕೋಟೂ ಈಗ ಪರೀಕ್ಷೆ ಮಾಡಿಸುತ್ತಿದ್ದ. ಆದರೆ ಊರಿನಲ್ಲಿ ಕಾಲೇಜುಗಳೇನು ಎರಡೇ ಅಲ್ಲ.

ವರ್ಷದ ಮೊದಲ ಪಂದ್ಯಕ್ಕೆ ಎದುರಾಳಿಗಳಾಗಿ ಬಂದದ್ದು ಅಂಥದ್ದೇ ಒಂದು ಹೊಸ ಕಾಲೇಜು. ಅವರ ಸಾಲಿನ ಕೊನೆಯಲ್ಲಿ, ಪರೀಕ್ಷೆ ಬೇಡವೆಂದು ಹೋದ ಆ ನಾಲ್ವರಲ್ಲಿ ಒಬ್ಬಳು ನಿಂತಿದ್ದಳು, ಎಲ್ಲರಿಗಿಂತ ಒಂದು ಗೇಣು ಎತ್ತರ. ಅವಳ ಎದೆಯೊಳಗೆ ಏನಿದೆ, ಏನಿಲ್ಲ, ಯಾರೂ ನೋಡಿರಲಿಲ್ಲ. ಬಹುಶಃ ಏನೂ ಇರಲಿಲ್ಲ. ರೆಫರಿ ಚೆಂಡನ್ನು ಮೇಲಕ್ಕೆಸೆದ. ಹುಡುಗಿ ಹಾರಿ ಚೆಂಡು ತಟ್ಟಿ, ಓಡತೊಡಗಿದಳು.