ಚೆನ್ನಿಯ ಮೊಣಕಾಲು

ಒಡ್ಡು ಜಿಗಿದ ಚೆನ್ನಿ ಒಮ್ಮೆ ಕುಂಯ್ ಎಂದಳು. ಮರಳಿ ಬರುವಾಗ ಹಿಂದಿನ ಬಲಗಾಲನ್ನು ಎತ್ತಿಕೊಂಡೇ ಬಂದಳು. ನಮ್ಮ ಕುರಿಗಳನ್ನು ತೋಳದಿಂದ ಕಾಯ್ದ ನಾಯಿ. ಮುಳ್ಳು ಚುಚ್ಚಿರಬೇಕೆಂದು ಪಾದವನ್ನೆಲ್ಲ ತಡವಿ ನೋಡಿದೆ. ಮುಳ್ಳಿರಲಿಲ್ಲ.

ಕೆರೂರಿನ ಪಶು ಡಾಕ್ಟರು ಅವಳನ್ನು ಮಗ್ಗುಲಾಗಿ ಮಲಗಿಸಿ, ಒಂದು ಕೈಯಲ್ಲಿ ತೊಡೆ ಹಿಡಿದು, ಕೆಳಗಿನ ಎಲುಬನ್ನು ಮುಂದಕ್ಕೆ ತಳ್ಳಿದರು. ಅದು ಸರಿಯಿತು. ಸರಿಯಬಾರದಿತ್ತು.

“ಮೊಣಕಾಲಿನ ಲಿಗಮೆಂಟ್ ಹರದೈತ್ರಿ, ಅಕ್ಕಾರ. ಸಣ್ಣ ನಾಯಿ ಆಗಿದ್ರ ಕಟ್ಟಿಹಾಕಿ, ಗುಳಿಗಿ ಕೊಟ್ಟು ನೋಡಬಹುದಿತ್ತು. ಇದು ಓಡೂ ನಾಯಿ, ಆಪರೇಷನ್ನ ಬೇಕು. ಕೀಲಿನ ಹೊರಗ ಗಟ್ಟಿ ನೈಲಾನ್ ದಾರ ಬಿಗಿಯೋದು ಒಂದು. ಇಂಥ ನಾಯಿಗೆ ಅದು ಸಡಲ ಬೀಳಬಹುದು. ಇನ್ನೊಂದು ಟಿಪಿಎಲ್ಓ ಅಂತ. ಎಲುಬು ಕೊಯ್ದು, ತುಸು ತಿರುವಿ, ಪ್ಲೇಟ್ ಹಾಕ್ತಾರ. ಅದಕ್ಕ ಹುಬ್ಬಳ್ಳಿಗೆ ಹೋಗಬೇಕು.”

ಜೊತೆಗೆ ಬಂದಿದ್ದ ನನ್ನ ಗಂಡ ಕೇಳಿದ್ದು ಒಂದೇ. “ಮತ್ತ ಕುರಿ ಹಿಂದ ಓಡತೈತೇನ್ರಿ?”

“ಓಡಬಹುದು. ಖಾತ್ರಿ ಹೇಳಾಕ ಬರಂಗಿಲ್ಲ.”

ಗಂಡನಿಗೆ ಅಷ್ಟು ಸಾಕಾಯಿತು.

ಮರುದಿನ ನಾನು ಹೊಲದಿಂದ ಬಂದಾಗ ಚೆನ್ನಿ ಇರಲಿಲ್ಲ.

“ಕುಳಗೇರಿ ಕ್ರಾಸಿನ್ಯಾಗ ಬಿಟ್ಟು ಬಂದೇನಿ,” ಎಂದರು ಗಂಡ, ಊಟ ಮಾಡುತ್ತ. “ಹೋಟೆಲ್ ಅದಾವ. ತಿಂದ್ಕೊಂಡು ಇರತೈತಿ.”

“ಮೂರ ಕಾಲಿನ್ಯಾಗ?”

ಅವರು ಇನ್ನೊಂದು ರೊಟ್ಟಿ ಮುರಿದರು.

ಬಾದಾಮಿಯಲ್ಲಿರುವ ನನ್ನ ತಮ್ಮನಿಗೆ ಫೋನ್ ಮಾಡಿದೆ. ಗಾಡಿ ತಂದ. ಕ್ರಾಸಿನಲ್ಲಿ ನಿಂತಿದ್ದ ಲಾರಿಯ ಕೆಳಗೆ ಚೆನ್ನಿ ಸಿಕ್ಕಳು. ಬೀದಿನಾಯಿಗಳು ಕಿವಿ ಹರಿದಿದ್ದವು. ಓಡಲಾಗದೆ ಕುಳಿತಲ್ಲೇ ಕಚ್ಚಿಸಿಕೊಂಡಿದ್ದಳು. ಹಾಗೆಯೇ ಹುಬ್ಬಳ್ಳಿಗೆ ಹೋದೆವು. ಖರ್ಚು ತಮ್ಮನೇ ನೋಡಿಕೊಂಡ. ಎಕ್ಸ್‌ರೇ ತೆಗೆದರು, ಎಲುಬು ಕೊಯ್ದು ಪ್ಲೇಟ್ ಹಾಕಿದರು.

ನಿಜವಾದ ಹಿಂಸೆ ಅವಳನ್ನು ಮನೆಗೆ ತಂದ ಮೇಲೆ ಶುರುವಾಯಿತು. ಎಲುಬು ಕೂಡುವವರೆಗೆ ಓಡಬಾರದು, ಜಿಗಿಯಬಾರದು. ಹೊಲಿಗೆ ನೆಕ್ಕದಂತೆ ಕೊರಳಿಗೆ ಪ್ಲಾಸ್ಟಿಕ್ ಕಾಲರ್. ಬೆಳಗ್ಗೆ ಗಂಡ ಸಿಳ್ಳೆ ಹಾಕಿ ಕುರಿ ಹೊರಡಿಸಿದೊಡನೆ ಅವಳು ಹಗ್ಗ ಜಗ್ಗಿ, ಗೋಡೆಗೆ ಬಡಿದುಕೊಂಡು ಊಳಿಡುತ್ತಿದ್ದಳು. ನಾನು ಮೈಮೇಲೆ ಬಿದ್ದು ಅದುಮಿ ಹಿಡಿಯುತ್ತಿದ್ದೆ. ಬಾಯಿಗೆ ಗುಳಿಗೆ ತುರುಕುವವಳೂ ನಾನೇ, ನೋಯುವ ಕಾಲನ್ನು ಮಡಚಿ ಬಿಡಿಸುವವಳೂ ನಾನೇ.

“ಅಕಿ ಮುಂದ ಸಿಳ್ಳಿ ಹಾಕಬ್ಯಾಡ್ರಿ,” ಎಂದು ಗಂಡನನ್ನು ಬೇಡಿಕೊಂಡೆ.

“ಒಂದು ನಾಯಿ ಸಲುವಾಗಿ ಕುರಿ ಮೇಸೂದ ಬಿಡ್ಲೇನು?”

ಒಂದು ಮುಂಜಾನೆ ಚೆನ್ನಿ ಮುಂಗೈಗೆ ಹಲ್ಲು ನಾಟಿಸಿದಳು.

ನನ್ನ ಮುಂಗೈಗೆ.

ದವಾಖಾನೆಯಲ್ಲಿ ಇಂಜೆಕ್ಷನ್ ಮಾಡಿಸಿಕೊಂಡು ಬಂದು, ಅದೇ ಕೈಯಿಂದ ಗುಳಿಗೆ ಕೊಟ್ಟೆ.

ಈಗ ಎಲುಬು ಕೂಡಿದೆ. ಚಳಿಯಿದ್ದರೆ ಕುಂಟುತ್ತಾಳೆ. ಮುಂದೆ ಎಡಗಾಲಿನದೂ ಹರಿಯಬಹುದು ಎಂದಿದ್ದಾರೆ ಡಾಕ್ಟರು. ಕುರಿಗಳ ಹಿಂದೆ ಬೇರೆ ನಾಯಿ ಹೋಗುತ್ತದೆ. ನಾನು ಹತ್ತಿರ ಹೋದರೆ ಚೆನ್ನಿ ಗುರ್ರೆನ್ನುತ್ತಾಳೆ; ನನ್ನ ಕೈ ಎಂದರೆ ಅವಳಿಗೆ ನೋವು, ಅಷ್ಟೇ ಗೊತ್ತು. ಸಂಜೆ ಗಂಡ ಬಂದ ಸಪ್ಪಳವಾದರೆ ಮಾತ್ರ ಎದ್ದು ಓಡುತ್ತಾಳೆ, ಅವರ ಪಾದ ನೆಕ್ಕುತ್ತಾಳೆ. ಅವರು ಕಾಲಿನಿಂದ ಬದಿಗೆ ಸರಿಸುತ್ತಾರೆ. ಮತ್ತೆ ನೆಕ್ಕುತ್ತಾಳೆ.

ಬಾಗಿಲಲ್ಲಿ ನಿಂತು ನೋಡುವಾಗ ಮೊದಮೊದಲು ಹೊಟ್ಟೆ ಉರಿಯುತ್ತಿತ್ತು. ಈಗ ಇಲ್ಲ. ಯಾರ ಕಡೆಗಾದರೂ ಓಡಲಿ. ಓಡುತ್ತಾಳಲ್ಲ.