ತಲೆಕೆಳಗಾದ ಗಿಣಿ

ಸಿಂಧನೂರಿನ ಒಂದು ರೈಸ್ ಮಿಲ್ಲಿನ ಅಕ್ಕಿ ಚೀಲದ ಮೇಲೆ ಹಸಿರು ಗಿಣಿ ಇದೆ. ಅದನ್ನು ಕಂಪ್ಯೂಟರಿನಲ್ಲಿ ಬರೆದವನು ನಾನು. ಹತ್ತನೆಯ ತರಗತಿ ಪಾಸಾದದ್ದೇ ಮೂವತ್ತು ದಾಟಿದ ಮೇಲೆ. ಡಿಸೈನ್ ಕೆಲಸ ಕಲಿತದ್ದು ಅದಕ್ಕೂ ಆಮೇಲೆ.

ಒಮ್ಮೆ ಗಿಣಿಯ ಕೊಕ್ಕು ಸೊಟ್ಟಗಿದೆ ಅನಿಸಿ ನಾನೇ ತಿದ್ದಿದೆ. ಮಸ್ಕಿಯ ಅಂಗಡಿಗಳಿಂದ ಚೀಲಗಳು ವಾಪಸ್ ಬಂದವು. ಓದು ಬಾರದವರು ಗಿಣಿ ನೋಡಿಯೇ ಅಕ್ಕಿಯ ಗುರುತು ಹಿಡಿಯುತ್ತಾರೆ. ಇದು ನಮ್ಮ ಗಿಣಿ ಅಲ್ಲ ಎಂದರಂತೆ. ಮಿಲ್ಲಿನ ಸಾಹುಕಾರರು ಕರೆಸಿ, "ನಿನ್ನ ಕೊಕ್ಕಿನ ಛಂದ ಯಾರ್ ಕೇಳ್ಯಾರಲೇ? ಮೊದಲಿನ ಗಿಣಿನ ಹಾಕು," ಅಂದರು. ಹಾಕಿದೆ.

ಈಚೆಗೆ ಲಿಂಗಸುಗೂರಿನಲ್ಲಿ ಹೊರಗಿನಿಂದ ಬಂದ ಕಲಾವಿದರೊಬ್ಬರ ಪ್ರದರ್ಶನವಿತ್ತು. ಹೆಂಡತಿಯೊಡನೆ ಹೋದವನು ಬಾಗಿಲಲ್ಲೇ ನಿಂತುಬಿಟ್ಟೆ. ನನ್ನ ಗಿಣಿಯ ಖಾಲಿ ಚೀಲಗಳನ್ನು ಒಂದಕ್ಕೊಂದು ಹೊಲಿದು ಚಾವಣಿಯಿಂದ ನೆಲದವರೆಗೆ ಇಳಿಬಿಟ್ಟಿದ್ದರು. ಎಲ್ಲ ಗಿಣಿಗಳೂ ತಲೆಕೆಳಗೆ. ಪಕ್ಕದ ಚೀಟಿಯಲ್ಲಿ 'ಹಸಿವು' ಎಂಬ ಶೀರ್ಷಿಕೆ, ಕಲಾವಿದರ ಹೆಸರು, ಕೆಳಗೆ 'ಬಳಸಿದ ವಸ್ತು: ಹಳೆಯ ಚೀಲ, ದಾರ'. ಜನ ಕೈಕಟ್ಟಿ ನಿಂತು ನೋಡುತ್ತಿದ್ದರು. ಅಂಗಡಿಯಲ್ಲಿ ನನ್ನ ಗಿಣಿಯ ಮುಂದೆ ಯಾರೂ ಹಾಗೆ ನಿಂತದ್ದಿಲ್ಲ.

"ನಿಮ್ಮ ಹೆಸರ ಇಲ್ಲಲ್ರೀ. ಹೋಗಿ ಕೇಳ್ರಿ," ಅಂದಳು ಹೆಂಡತಿ.

ಕಲಾವಿದರ ಹತ್ತಿರ ಹೋಗಿ, "ಸರ್, ಈ ಗಿಣಿ ಚಿತ್ರ ನಾ ತಗದದ್ದರೀ. ನೀವು ವಸ್ತು ಅಂತ ಬರದೀರಿ," ಅಂದೆ.

ಅವರು ಸಿಟ್ಟಾಗಲಿಲ್ಲ. ನೀವು ಬರೆದದ್ದು ಅಕ್ಕಿ ಮಾರಲು, ನಾನು ಮಾಡಿದ್ದು ಪ್ರಶ್ನೆ ಕೇಳಲು, ಕಲೆಗೆ ಅರ್ಥ ಬರುವುದು ಅಲ್ಲಿಂದ ಎಂದು ಸಮಾಧಾನವಾಗಿ ವಿವರಿಸಿದರು. ಕೊಕ್ಕು ಒಂದಿಷ್ಟು ಬದಲಾದರೆ ಮಸ್ಕಿಯಿಂದ ಚೀಲ ವಾಪಸ್ ಬರುತ್ತದೆ, ಅದು ಅರ್ಥವಲ್ಲವೇ? ಇಲ್ಲಿ ಇಡೀ ಗಿಣಿಯನ್ನು ಮಗುಚಿ ಹಾಕಿದರೂ ಯಾರೂ ವಾಪಸ್ ಕಳಿಸುವುದಿಲ್ಲ. ಹೀಗೆ ಹೇಳಬೇಕೆಂದುಕೊಂಡೆ. ಆದರೆ ಬಾಯಿಂದ "ಹೆಸರಾದ್ರೂ ಹಾಕ್ರಿ," ಎಂದಷ್ಟೇ ಹೊರಬಿತ್ತು.

ಅವರು ಜೇಬಿನ ಪೆನ್ನು ಕೊಟ್ಟು, ನೀವೇ ಬರೆಯಿರಿ ಎಂದರು. ಚೀಟಿಯ ಮೇಲೆ ಅಕ್ಷರ ತಪ್ಪಾಗದಂತೆ ನಿಧಾನವಾಗಿ, ಗಿಣಿ ಬರೆದವನು ನಾನು ಎಂದು ಬರೆದು ಹೆಸರು ಹಾಕಿದೆ. ಕಲಾವಿದರು ಎರಡು ಹೆಜ್ಜೆ ಹಿಂದೆ ಸರಿದು ನೋಡಿದರು. ಮುಖ ಅರಳಿತು.

"ಬಹಳ ಚೆನ್ನಾಗಿದೆ. ಹಾಗೇ ಇರಲಿ. ಇದೂ ಈಗ ಕೃತಿಯ ಭಾಗವಾಯಿತು," ಎಂದು ಮೊಬೈಲಿನಲ್ಲಿ ಚೀಟಿಯ ಫೋಟೋ ತೆಗೆದುಕೊಂಡರು.

ಬರೆದದ್ದನ್ನು ಹೊಡೆದುಹಾಕೋಣವೆಂದರೆ, ಹಾಗೆ ಹೊಡೆದುಹಾಕಿದ್ದೂ ಅವರದೇ ಕೃತಿಯಾಗುತ್ತಿತ್ತು. ಪೆನ್ನು ಹಿಂದಿರುಗಿಸಿದೆ.

ಬಸ್ಸಿನಲ್ಲಿ ಹೆಂಡತಿ, "ಹೆಸರ ಬಂತಲ್ರೀ, ಮತ್ಯಾಕ ಮಾರಿ ಹಿಂಗ ಮಾಡೀರಿ?" ಎಂದು ಕೇಳಿದಳು. "ಈಗ ನನ್ನ ಹೆಸರೂ ಅವರ ವಸ್ತುನ ಆತು," ಅಂದೆ.